ಶನಿವಾರ ಮಾತ್ರ ಹನ್ನೆರಡರವರೆಗೆ

"ಹೆರನ್ ಪಬ್ಬು ರಾತ್ರಿ ಒಂದು ಗಂಟೆವರೆಗೆ ತೆರೆದಿರಬೇಕಂತೆ. ನಾನು ನಾಲ್ಕಕ್ಕೆ ಏಳಬೇಕು. ಮೂರು ಗಂಟೆ ನಿದ್ದೆ ಮಾಡಿದವಳು ಓಡಿಸೋ ಬಸ್ಸಲ್ಲಿ ನೀವ್ಯಾರಾದ್ರೂ ಕೂರ್ತೀರಾ?"

ಇಷ್ಟು ಹೇಳಿ ಪಬ್ಬಿನ ಪಕ್ಕದ ಮನೆಯ ಹೆಸ್ಟರ್ ಪಾರ್ಜಿಟರ್ ಕುಳಿತಳು. ಟೌನ್ ಹಾಲಿನಲ್ಲಿ ಲೈಸೆನ್ಸ್ ವಿಚಾರಣೆ. ಎದುರಿಗೆ ಮೂವರು ಕೌನ್ಸಿಲರುಗಳು, ಪಕ್ಕದ ಮೇಜಿನಲ್ಲಿ ಪಬ್ಬಿನ ಮಾಲೀಕ ಎಮ್ರಿಸ್ ವಾನ್. ನಲವತ್ತೈದರ ಆಸುಪಾಸಿನ ಆಳು. ಮದುವೆಗೋ ಸಾವಿಗೋ ಮಾತ್ರ ಹೊರಬರುವಂಥ ಕೋಟನ್ನು ಇಂದು ಹಾಕಿಕೊಂಡು ಬಂದಿದ್ದ.

"ಶುಕ್ರವಾರ, ಶನಿವಾರ ಎರಡೇ ದಿನ ಮೇಡಂ," ಎಂದ ಅವನು ಅಧ್ಯಕ್ಷೆಗೆ. "ಊರಲ್ಲಿದ್ದ ನಾಲ್ಕು ಪಬ್ಬಲ್ಲಿ ಮೂರು ಮುಚ್ಚಿಹೋದ್ವು. ನಂದೂ ಮುಚ್ಚಿದ್ರೆ ಜನ ಒಟ್ಟಿಗೆ ಸೇರೋಕೆ ಉಳಿಯೋದು ಸ್ಮಶಾನ ಒಂದೇ."

ಹೆಸ್ಟರ್‌ಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಅವನು ಅದನ್ನು ನೋಡಿಬಿಟ್ಟ.

"ಅಷ್ಟಕ್ಕೂ ಗಲಾಟೆ ಎಲ್ಲಿದೆ? ನನ್ನ ಗಿರಾಕಿಗಳೆಲ್ಲ ಅರವತ್ತು ದಾಟಿದವ್ರು."

"ಗಿರಾಕಿಗಳದ್ದಲ್ಲ ರೀ, ನಿಮ್ಮದೇ! ಬಾಗಿಲು ಹಾಕಿದ ಮೇಲೆ ಖಾಲಿ ಬಾಟಲಿಗಳನ್ನ ಡಬ್ಬಕ್ಕೆ ಸುರೀತೀರಲ್ಲ, ಅದು. ನಂಬಿಕೆ ಇಲ್ದಿದ್ರೆ ನನ್ನ ಬೆಡ್‌ರೂಮಿಗೆ ಬಂದು ಕೇಳಿ!"

ಹಿಂದಿನ ಬೆಂಚಿನಿಂದ ನಗು ಸಿಡಿಯಿತು. ಹೆಸ್ಟರ್‌ಳ ಕಿವಿ ಕೆಂಪಾಯಿತು. ಎಮ್ರಿಸನ ಕತ್ತೂ ಕೆಂಪಾಗಿತ್ತು.

ಅಧ್ಯಕ್ಷೆ ಮಿಸೆಸ್ ಬೆಡೋಸ್ ಕನ್ನಡಕ ತೆಗೆದು ಗುಮಾಸ್ತನ ಕಡೆ ತಿರುಗಿದರು. "ಅದನ್ನ ಬರ್ಕೋಬೇಡಪ್ಪ." ಮತ್ತೆ ಇಬ್ಬರಿಗೂ ಹೇಳಿದರು: "ಎರಡು ವಾರ ಟೈಮು. ಕೂತು ಮಾತಾಡ್ಕೊಂಡು ಬನ್ನಿ."

ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಎಮ್ರಿಸ್ ಅವಳ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆಪಲ್ ಪೈ.

"ಲಂಚಾನಾ?"

"ಅಕ್ಕ ಕೊಟ್ಟಿದ್ದು. ಲಂಚ ಆಗಿದ್ರೆ ಕ್ರೀಮೂ ತರ್ತಿದ್ದೆ."

ಮಹಡಿಯ ಕೋಣೆಯಲ್ಲಿ ಅವನು ಮಂಚದ ಕಡೆ ನೋಡದಂತೆ ಎಚ್ಚರವಹಿಸಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಅವನು ಹಾಗೆ ಎಚ್ಚರವಹಿಸುತ್ತಿರುವುದನ್ನು ಹೆಸ್ಟರ್ ಗಮನಿಸಿದಳು. ಅವನು ಫೋನಿನಲ್ಲಿ, "ಸುರಿ ಅಕ್ಕಾ," ಎಂದ.

ಕೆಳಗೆ ಪಬ್ಬಿನ ಹಿತ್ತಲಿನಲ್ಲಿ ಅವನಕ್ಕ ಬಾಟಲಿಗಳ ಕ್ರೇಟನ್ನು ಡಬ್ಬಕ್ಕೆ ಬೋರಲು ಹಾಕಿದಳು. ಗಾಜಿನ ಅಂಗಡಿಯೇ ಮಗುಚಿಬಿದ್ದಂಥ ಸದ್ದು. ಎಮ್ರಿಸ್ ಸ್ಟೂಲಿನಿಂದ ಎಗರಿದ.

"ಅಯ್ಯೋ ದೇವ್ರೇ! ಇದು ದಿನಾನಾ?"

"ನಾಲ್ಕು ವರ್ಷದಿಂದ."

"ಮೊದಲೇ ಯಾಕೆ ಹೇಳ್ಲಿಲ್ಲ?"

ಹೆಸ್ಟರ್ ಕಿಟಕಿ ಮುಚ್ಚಿದಳು. "ಗಂಡನ ಹತ್ರ ಜಗಳ ಆಡಿ ಆಡಿ ಸುಸ್ತಾಗಿ ಈ ಊರಿಗೆ ಬಂದವಳು ನಾನು. ಇನ್ನೊಂದು ಜಗಳ ಬೇಡ ಅನ್ನಿಸ್ತು."

ಅವನು ಏನೂ ಕೆದಕಲಿಲ್ಲ. "ಚಾಕು ಎಲ್ಲಿದೆ?" ಎಂದು ಕೇಳಿ, ಪೈ ಕತ್ತರಿಸಿ, ದೊಡ್ಡ ಹೋಳನ್ನು ಅವಳ ತಟ್ಟೆಗೆ ಹಾಕಿದ.

ಆ ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಒಬ್ಬನೇ ಪ್ರಯಾಣಿಕ, ಎಮ್ರಿಸ್. ಕೂದಲು ಕೆದರಿತ್ತು.

"ಎಲ್ಲಿಗೆ?" ಎಂದಳು ಹೆಸ್ಟರ್.

"ನೀವು ಎಷ್ಟು ಹೊತ್ತಿಗೆ ಕೆಲಸ ಶುರು ಮಾಡ್ತೀರಿ ಅಂತ ನೋಡೋಕೆ ಬಂದೆ."

"ನೋಡೋಕೂ ಟಿಕೆಟ್ ತಗೋಬೇಕು."

ಮುಂದಿನ ಸೀಟಿನಲ್ಲಿ ಕೂತವನು ಎರಡನೇ ಸ್ಟಾಪು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಕೊನೆಯ ನಿಲ್ದಾಣದಲ್ಲಿ ಅವಳು ಎಬ್ಬಿಸಲಿಲ್ಲ. ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಕನ್ನಡಿಯೊಳಗೆ ಅವನ ಮುಖ ನೋಡಿದಳು. ದೀಪ ಹಸಿರಾದದ್ದು ಹಿಂದಿನ ಲಾರಿ ಹಾರನ್ ಹೊಡೆದ ಮೇಲೆಯೇ ಗೊತ್ತಾಯಿತು.

ಎರಡನೇ ವಿಚಾರಣೆಯಲ್ಲಿ ಎಮ್ರಿಸ್ ಚೀಟಿ ನೋಡಿ ಓದಿದ. ಶುಕ್ರವಾರ ಎಂದಿನಂತೆ ಹನ್ನೊಂದಕ್ಕೇ ಬಂದ್. ಶನಿವಾರ ಮಾತ್ರ ಹನ್ನೆರಡರವರೆಗೆ. ಗಿರಾಕಿಗಳು ಕೂರುವ ಹಿತ್ತಲಿನ ತೋಟ ರಾತ್ರಿ ಒಂಬತ್ತಕ್ಕೆ ಖಾಲಿ. ಬಾಟಲಿ ಸುರಿಯುವುದು ಬೆಳಿಗ್ಗೆ ಹತ್ತರ ನಂತರ.

"ಆಕ್ಷೇಪಣೆ?" ಎಂದರು ಮಿಸೆಸ್ ಬೆಡೋಸ್.

"ಇಲ್ಲ."

ಹೊರಗೆ ಮೆಟ್ಟಿಲ ಮೇಲೆ ಹೆಸ್ಟರ್ ಕೇಳಿದಳು, "ಇಷ್ಟಕ್ಕೇ ಪಬ್ಬು ಉಳಿಯುತ್ತಾ?"

"ಮಧ್ಯಾಹ್ನದ ಊಟ ಶುರು ಮಾಡ್ತೀವಿ. ಅಕ್ಕನ ಕೈರುಚಿ ಇದೆಯಲ್ಲ." ಕೋಟಿನ ಗುಂಡಿ ತಿರುವುತ್ತ ಅವನು ಹೇಳಿದ, "ಇನ್ನು ನಿಮ್ಮ ಹತ್ರ ಮಾತಾಡೋಕೆ ನೆಪಾನೇ ಉಳೀಲಿಲ್ಲ."

"ಸೋಮವಾರ ನನಗೆ ರಜ," ಎಂದಳು ಹೆಸ್ಟರ್. ಅಂದದ್ದಕ್ಕೆ ತಾನೇ ಗಾಬರಿಯಾಗಿ ಸರಸರನೆ ಮೆಟ್ಟಿಲಿಳಿದಳು. ಸೋಮವಾರ ಪಬ್ಬು ಮಧ್ಯಾಹ್ನದಿಂದ ರಾತ್ರಿಯವರೆಗೂ ತೆರೆದಿರುತ್ತದೆಂಬುದು ತಿರುವು ದಾಟಿದ ಮೇಲೆ ನೆನಪಾಯಿತು.

ಶನಿವಾರ ಮಧ್ಯಾಹ್ನದ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ, ಅವಳು ಮೊದಲ ಬಾರಿ ಹೆರನ್ ಪಬ್ಬಿನ ಬಾಗಿಲು ತಳ್ಳಿದಳು. ಒಳಗೆ ಹಳೆಯ ಗಿರಾಕಿ, ಮುದುಕ ಸಿರಿಲ್, ಎಮ್ರಿಸನ ಮೇಲೆ ಕೂಗಾಡುತ್ತಿದ್ದ.

"ಇನ್ಮೇಲೆ ಸೋಮವಾರ ರಜ ಅಂದ್ರೆ ಏನರ್ಥನೋ? ನಿಮ್ಮಪ್ಪನ್ನ ಮಣ್ಣು ಮಾಡಿದ ದಿನಾನೂ ಸಂಜೆಗೆ ಬಾಗಿಲು ತೆರೆದಿದ್ದೆಯಲ್ಲೋ!"

ಎಮ್ರಿಸ್ ಗ್ಲಾಸು ಒರೆಸುತ್ತ ತಲೆ ಎತ್ತಿದ. ಬಾಗಿಲಲ್ಲಿ ನಿಂತವಳನ್ನು ಕಂಡ. ಆದರೂ ದನಿ ತಗ್ಗಿಸಲಿಲ್ಲ.

"ಸೋಮವಾರ ಹೆಸ್ಟರ್‌ಗೆ ರಜ, ಸಿರಿಲ್ ಅಂಕಲ್. ಅವಳಿಗೆ ರಜ ಇದ್ದ ದಿನ ನನಗೂ ರಜ ಬೇಕು."

ಪಬ್ಬಿನಲ್ಲಿದ್ದ ಏಳೆಂಟು ತಲೆಗಳು ಒಟ್ಟಿಗೆ ತಿರುಗಿದವು. ಸಿರಿಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಏನೋ ಗೊಣಗಿ ತನ್ನ ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಬಿಟ್ಟ.

ಹೆಸ್ಟರ್ ಬಂದು ಕೂತಳು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಸೋಮವಾರ ಎಷ್ಟು ಗಂಟೆಗೆ ಬರ್ತೀಯಾ?" ಎಂದಳು. ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನೀನು ಎದ್ದ ಮೇಲೆ," ಎಂದ ಎಮ್ರಿಸ್. "ಎಷ್ಟು ಹೊತ್ತು ಬೇಕಾದ್ರೂ ಮಲಗು."