ಅವಳು ತೆಗೆದುಹಾಕಿದ ಪ್ಯಾರಾ

"ಇದನ್ನ ಇನ್ನೂರು ಕಾಪಿ ಮಾಡ್ಕೊಡ್ಬೇಕು."

ಕೌಂಟರಿನ ಮೇಲೆ ಬಂದು ಬಿದ್ದ ಹಾಳೆಯನ್ನು ನೋಡಿದ ಬಿಂದುಶ್ರೀ ಅದನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅದು ಅವಳದೇ ಬರಹ!

ಕೋಟೆ ರಸ್ತೆಯ ಆ ಪ್ರೆಸ್ಸಿನಲ್ಲಿ ಕೂತು ಐದು ವರ್ಷದಿಂದ ಅವಳು ಊರವರ ಮದುವೆ, ಗೃಹಪ್ರವೇಶ, ತಿಥಿಗಳನ್ನು ಟೈಪ್ ಮಾಡುತ್ತಿದ್ದಳು. ಯಾರದೋ ಜ್ಯೇಷ್ಠ ಪುತ್ರ, ಯಾರದೋ ಕನಿಷ್ಠ ಪುತ್ರಿ. ಅವಳ ಸ್ವಂತದ ಒಂದು ಸಾಲನ್ನು ಕಾಗದದ ಮೇಲೆ ನೋಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಈಗ ನೋಡಿದರೆ, ಅವಳ ಬ್ಲಾಗಿನ ಬರಹವನ್ನು ಪ್ರಿಂಟ್ ತೆಗೆಸಿ, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದವನು ಎದುರಿಗೇ ನಿಂತಿದ್ದಾನೆ!

"ಸಾರ್... ಇದು ನಾನು ಬರ್ದಿದ್ದು!"

"ಗೊತ್ತು. ಬ್ಲಾಗಿನ ಪರಿಚಯದಲ್ಲಿ ಪ್ರೆಸ್ಸಿನ ಹೆಸ್ರು ಹಾಕಿದೀರಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಭದ್ರಾವತೀಲಿ ಪ್ರೆಸ್ ಇರ್ಲಿಲ್ವಾ ಅಂತ ನಮ್ಮಮ್ಮ ಕೇಳಿದ್ರು."

ಒಳಗಿನಿಂದ ಮಾಲೀಕ ಭೀಮೇಶ್ ಕೂಗಿದ. "ಏನ್ ಮಾರಾಯ್ತಿ, ಫ್ಯಾನ್ಸ್ ಬೇರೆ ಶುರುವಾದ್ರಾ? ಅಡ್ವಾನ್ಸ್ ಇಸ್ಕೊಂಡು ಆಮೇಲೆ ನಾಚ್ಕೋ!"

ಅವಳು ನಿಜಕ್ಕೂ ನಾಚಿದಳು. ಬಂದವನಿಗೆ ಮೂವತ್ತರ ಹತ್ತಿರದ ವಯಸ್ಸು. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. 'ಚೆಂದ ಇದಾನೆ...' ಅನ್ನಿಸಿತು ಅವಳಿಗೆ. ಆ ಯೋಚನೆಗಾಗಿ ಮುಂದೆ ಅವಳು ತನ್ನನ್ನು ತಾನು ಬಹಳ ದಿನ ಕ್ಷಮಿಸಿಕೊಳ್ಳಲಿಲ್ಲ.

"ಜೊತೆಗೆ ಇದೊಂದು ಕಾರ್ಡು," ಎಂದು ಅವನು ಎರಡನೆಯ ಹಾಳೆಯನ್ನಿಟ್ಟ.

ದಿವಂಗತ ಧರ್ಮಪ್ಪನವರ ಪ್ರಥಮ ವರ್ಷದ ಪುಣ್ಯಸ್ಮರಣೆ. ಓಲ್ಡ್ ಟೌನ್, ಭದ್ರಾವತಿ. ಇಂತಿ, ಪತ್ನಿ ಪುಷ್ಪಮ್ಮ, ಮಗ ದುಶ್ಯಂತ್.

"ಪ್ರತಿ ಕಾರ್ಡಿನೊಳಗೂ ನಿಮ್ಮ ಬರಹ ಒಂದೊಂದು ಮಡಚಿಡಿ. ಹೆಂಗೂ ನೆಂಟ್ರೆಲ್ಲ ಫೋನಲ್ಲಿ ಓದಿದಾರೆ. ವಯಸ್ಸಾದೋರಿಗೆ ಕಾಣಲ್ಲ, ಸ್ವಲ್ಪ ದೊಡ್ಡ ಅಕ್ಷರ ಹಾಕಿ."

ಓಲ್ಡ್ ಟೌನ್... ಒಂದು ವರ್ಷ...

ಬಿಂದುಶ್ರೀ ಕೀಬೋರ್ಡಿನಿಂದ ಕೈ ತೆಗೆದಳು.

"ನೀವು... 'ಪಕ್ಕದ ಕೋಣೆ'?"

"ಹ್ಞೂಂ. ನಾನೇ."

'ಪಕ್ಕದ ಕೋಣೆ' ಅವನ ಬ್ಲಾಗು. ಅಲ್ಲಿ ಹೆಸರಿರಲಿಲ್ಲ, ಫೋಟೋ ಇರಲಿಲ್ಲ, ಓದುವವರು ಹೆಚ್ಚೆಂದರೆ ಹತ್ತು ಹನ್ನೆರಡು ಜನ. ಕಮೆಂಟು ಹಾಕುತ್ತಿದ್ದವಳು ಅವಳೊಬ್ಬಳೇ. ಮಂಗಳವಾರಕ್ಕೊಂದು ಬರಹ ಬರುತ್ತಿತ್ತು. ಸೋಮವಾರದಿಂದಲೇ ಅವಳಿಗೆ ಊಟ ಸೇರುತ್ತಿರಲಿಲ್ಲ. ಮುಖ ನೋಡದ ಮನುಷ್ಯನಿಗಾಗಿ ಹೀಗೆ ಕಾಯುವುದಕ್ಕೆ ಏನೆನ್ನುತ್ತಾರೆ ಎಂದು ಅವಳು ಕೇಳಿಕೊಂಡಿರಲಿಲ್ಲ.

ಒಂದು ಮಂಗಳವಾರ ಅವನು ತನ್ನ ಅಪ್ಪನ ಸಾವನ್ನು ಬರೆದ.

ಓಲ್ಡ್ ಟೌನಿನ ಮನೆಯಲ್ಲಿ ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದ ಅಪ್ಪನಿಗೆ ಮಾತು ಹೋಗಿತ್ತು. ಏನು ಬೇಕಾದರೂ ಸ್ಟೀಲ್ ಲೋಟದಿಂದ ಮಂಚದ ಕಂಬಿಗೆ ಬಡಿಯುತ್ತಿದ್ದರು. ಆ ದಿನ ಅಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಲೋಟ ಎರಡು ಸಲ ಬಡಿಯಿತು. ಮಗ ಪಕ್ಕದ ಕೋಣೆಯಲ್ಲಿ ಕೂತೇ ಇದ್ದ. ಏಳಲಿಲ್ಲ. ಸಾಕಾಗಿತ್ತು. ಹತ್ತು ನಿಮಿಷದ ನಂತರ ಹೋಗಿ ನೋಡಿದರೆ ಎಲ್ಲ ಮುಗಿದಿತ್ತು. ಅಮ್ಮನಿಗೆ, "ನಿದ್ದೇಲೇ ಹೋದ್ರು" ಎಂದ.

ಅದರ ಕೆಳಗೆ ಅವಳು ಬರೆದ ಕಮೆಂಟು ಅವನ ಬರಹಕ್ಕಿಂತ ಉದ್ದವಾಗಿತ್ತು. ಮೊದಲ ಪ್ಯಾರಾದಲ್ಲಿ ಅವಳ ಸ್ವಂತ ವಿಷಯ. ಉಳಿದದ್ದರಲ್ಲಿ ಅವನ ಆ ಹತ್ತು ನಿಮಿಷವನ್ನು ನಿಮಿಷ ನಿಮಿಷವಾಗಿ ಬಿಡಿಸಿದ್ದಳು. ಕರುಣೆಯಿಲ್ಲದ, ನಿಖರವಾದ ಸಾಲುಗಳು.

ಅವನು ಉತ್ತರಿಸಿದ್ದ: "ಇಷ್ಟುದ್ದದ ಕಮೆಂಟು! ಇದು ನನ್ನ ಬರಹದ ಕೆಳಗೆ ಇರುವಂಥದ್ದಲ್ಲ. ನಿಮ್ಮದೇ ಜಾಗ ಮಾಡಿಕೊಳ್ಳಿ."

'ಬಾಗಿಲು ತೋರಿಸಿದ!' ಎಂದುಕೊಂಡಳು ಅವಳು. ಅವಮಾನದಿಂದ ಕಿವಿ ಉರಿಯಿತು. ಅಂದೇ ಬ್ಲಾಗೊಂದನ್ನು ತೆರೆದು ಆ ಕಮೆಂಟನ್ನು ಹಾಗೇ ತಂದು ಸುರಿದಳು.

ಆದರೆ ಕಮೆಂಟು ಎಂಬುದು ಮೇಲಿನ ಬರಹದ ಹೆಗಲ ಮೇಲೆ ಕೂತಿರುತ್ತದೆ. ಕೆಳಗಿಳಿಸಿದರೆ ನಿಲ್ಲುವುದಿಲ್ಲ. ಓದುವವರಿಗೆ ತಿಳಿಯಲಿ ಎಂದು ಶುರುವಿಗೆ ನಾಲ್ಕು ಸಾಲು ಸೇರಿಸಿದಳು. ಓಲ್ಡ್ ಟೌನಿನ ಒಬ್ಬ ಮಗ, ಲಕ್ವ ಹೊಡೆದ ಅಪ್ಪ, ಸ್ಟೀಲ್ ಲೋಟ. ಆಮೇಲೆ 'ನೀವು' ಎಂದಿದ್ದ ಕಡೆಯೆಲ್ಲ 'ಅವನು' ಎಂದು ತಿದ್ದಿದಳು.

ಉಳಿದದ್ದು ಆ ಮೊದಲ ಪ್ಯಾರಾ.

ಅದನ್ನು ಅಮ್ಮ ಓದಿದರೆ?

ಆಯ್ಕೆ ಮಾಡಿದಳು. ಅಳಿಸಿದಳು. ಎರಡು ಸೆಕೆಂಡಿನ ಕೆಲಸ!

ಬರಹ ವಾಟ್ಸಾಪಿನಲ್ಲಿ ಓಡಿತು. ಆರು ಸಾವಿರ ಜನ ಓದಿದರು. 'ಇಂಥ ಮಕ್ಕಳೂ ಇರ್ತಾರಾ, ಛೀ!' ಎಂದು ಅದರ ಕೆಳಗೆ ಉಗಿದರು. ಉಗಿಯುವವರ ಸಂಖ್ಯೆ ಏರಿದಷ್ಟೂ ಅವಳಿಗೆ ಹಿತವೆನಿಸಿತ್ತು. ಹೌದು, ಹಿತವೇ.

"ಮೊದಲನೇ ಪ್ಯಾರಾ ಎಲ್ಲಿ?" ದುಶ್ಯಂತ್ ಈಗ ಕೇಳುತ್ತಿದ್ದ. "ಕಮೆಂಟಲ್ಲಿ ನೀವೂ ಇದ್ರಿ. ಪೋಸ್ಟಲ್ಲಿ ನಾನೊಬ್ನೇ ಇದೀನಿ."

"ನೀವೇ ಹೋಗು ಅಂದ್ರಲ್ಲ..."

"ಹೋಗಿ ಅಂದ್ನಾ? ಯಾರದೋ ಕಾಲಡಿ ಇರೋ ಬರಹ ಅಲ್ಲ ಇದು ಅಂದೆ ಕಣ್ರೀ!" ಅವನ ದನಿ ಮೊದಲ ಸಲ ಒಡೆಯಿತು.

ಅವಳು ಹಾಳೆಯನ್ನು ಮಗುಚಿಟ್ಟಳು. "ಪೂರ್ತಿ ಕಮೆಂಟು ನಿಮ್ಮ ಹತ್ರ ಇತ್ತು. ಹಾಕಿದ್ರೆ ಎಲ್ರೂ ನನ್ನನ್ನೂ ಉಗೀತಿದ್ರು. ಯಾಕೆ ಹಾಕ್ಲಿಲ್ಲ?" ಎಂದಳು.

"ಬ್ಲಾಗನ್ನೇ ಮುಚ್ಚಿದೆ. ಯಾರಾದ್ರೂ ಹುಡುಕ್ಕೊಂಡು ಬಂದು ನಿಮ್ಮ ಪ್ಯಾರಾ ಓದಿಬಿಟ್ರೆ ಅಂತ." ಅವನು ಬಾಗಿಲ ಕಡೆ ತಿರುಗಿದ. "ಗುರುವಾರ ಪ್ರೂಫ್ ತೋರ್ಸಿ. ಅಪ್ಪನ ಹೆಸ್ರಲ್ಲಾದ್ರೂ ತಪ್ಪಿರಬಾರ್ದು."

ಗುರುವಾರ ಪ್ರೂಫ್ ಹಿಡಿದು ಅವಳೇ ಭದ್ರಾವತಿಯ ಬಸ್ಸು ಹತ್ತಿದಳು. ಕ್ಷಮೆ ಕೇಳಬೇಕಿತ್ತು. ಅವನು ಸಿಗಲಿ ಎಂದುಕೊಂಡಿದ್ದಳು. ಓಲ್ಡ್ ಟೌನಿನ ಆ ಮನೆಯಲ್ಲಿ ಸಿಕ್ಕವರು ಪುಷ್ಪಮ್ಮ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಯಾರಮ್ಮ?"

"ಪ್ರೆಸ್ಸಿಂದ... ಕಾರ್ಡಿನ ಪ್ರೂಫು."

"ಓ, ಬರಿಯೋ ಹುಡುಗಿ." ಅವರು ತಲೆಯೆತ್ತಲಿಲ್ಲ. "ಕೂತ್ಕೋ. ಆ ಬರಹ ತಂದಿದೀಯಾ? ಓದು. ನಮ್ಮ ನಾದಿನಿ ಫೋನಲ್ಲಿ ಓದಿದ್ಲು. ಅಳ್ತಾ ಓದಿದ್ಲು, ಅರ್ಧ ತಿಳೀಲಿಲ್ಲ. ನೀನು ಅಳ್ಬೇಡ. ಬಿಡಿಸಿ ಬಿಡಿಸಿ ಓದು."

"ಅಮ್ಮಾ, ನನ್ನಿಂದ ಆಗಲ್ಲ..."

"ಬರಿಯಕ್ಕೆ ಆಯ್ತಲ್ಲ?"

ಅವಳು ಓದತೊಡಗಿದಳು. ತಾನೇ ಸೇರಿಸಿದ್ದ ಒಂದೊಂದು ಸಾಲೂ ಆ ಜಗಲಿಯಲ್ಲಿ ಕಲ್ಲಿನಂತೆ ಬಿತ್ತು. ಅವರೆಕಾಳುಗಳು ಬಟ್ಟಲಿಗೆ ಬೀಳುತ್ತಲೇ ಇದ್ದವು. ಮೊದಲ ನಾಲ್ಕು ಸಾಲು ಮುಗಿದ ಕಡೆ, ಆ ಪ್ಯಾರಾ ಇರಬೇಕಾಗಿದ್ದ ಕಡೆ, ಅವಳು ನಿಂತಳು.

ಹಾಳೆಯನ್ನು ಮಡಿಲಿಗಿಟ್ಟು ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು:

"ನಮ್ಮ ಅಜ್ಜಿ ಪುಟ್ಟಲಕ್ಷ್ಮಿ ಬಚ್ಚಲಿನಿಂದ ನನ್ನನ್ನು ಕರೆದರು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಅದರಲ್ಲಿ ಹಾಡಿರಲಿಲ್ಲ. ಮೂರು ಸಲ ಕರೆದದ್ದು ಕೇಳಿಸಿತು. ನಾಲ್ಕನೆಯದು ಬರಲಿಲ್ಲ. ಆಗ ಅಂಗಡಿಗೆ ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದೆ. ನೀವೂ ನಾನೂ ಒಂದೇ ಗೋಡೆಗೆ ಒರಗಿ ಕೂತವರು."

ಅವರೆಕಾಯಿ ಸುಲಿಯುವ ಕೈ ನಿಂತಿತು.

"ಇದು ಹಾಳೇಲಿಲ್ಲ, ಅಲ್ವಾ?"

"ಇಲ್ಲಮ್ಮ. ತೆಗೆದೆ."

"ಯಾಕೆ?"

"ನಮ್ಮಮ್ಮ ಓದ್ತಾಳೆ ಅಂತ."

"ಅವ್ನಿಗೂ ಒಬ್ಳು ಅಮ್ಮ ಇದಾಳೆ ಅಂತ ಹೊಳೀಲಿಲ್ವಾ?"

ಬಿಂದುಶ್ರೀ ಮಡಿಲಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿದಳು.

"ನಂಗೆ ಗೊತ್ತಿತ್ತು ಕಣೇ." ಪುಷ್ಪಮ್ಮನ ದನಿ ಏರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು. "ಅವತ್ತು ಲೋಟ ಬಾಗಿಲ ತನಕ ಉರುಳಿತ್ತು. ನಿದ್ದೇಲಿ ಹೋದೋರು ಲೋಟ ಎಸೀತಾರಾ? ಗೊತ್ತಿದ್ದೂ ಒಂದು ವರ್ಷ ಗೊತ್ತಿಲ್ದೋಳ ಥರ ಅವ್ನಿಗೆ ಅನ್ನ ಬಡಿಸ್ದೆ. ಈಗ ನಂಗೆ ಗೊತ್ತು ಅಂತ ಊರಿಗೇ ಗೊತ್ತು. ಇನ್ಮೇಲೆ ಯಾವ ಮುಖ ಇಟ್ಕೊಂಡು ಬಡಿಸ್ಲಿ? ಹೇಳು, ಬರಿಯೋಳು ನೀನು!"

ಒಳಬಾಗಿಲಲ್ಲಿ ದುಶ್ಯಂತ್ ನಿಂತಿದ್ದ. ಯಾವಾಗ ಬಂದನೋ... ಅಮ್ಮನಿಗೆ ಮೊದಲೇ ಗೊತ್ತಿತ್ತು ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ಅವನ ಮುಖವನ್ನು ಅವಳು ನೋಡಿದಳು. ಅದನ್ನು ಎಷ್ಟೇ ಉದ್ದದ ಕಮೆಂಟಿನಲ್ಲೂ ಬರೆಯಲಾಗುತ್ತಿರಲಿಲ್ಲ.

ಪ್ರೂಫಿನಲ್ಲಿ ತಪ್ಪಿರಲಿಲ್ಲ. ಪುಷ್ಪಮ್ಮ ಸಹಿ ಹಾಕಿಕೊಟ್ಟರು.

ಹೊಸಮನೆ ಬಡಾವಣೆಯ ತನ್ನ ಮನೆಗೆ ಬಂದವಳೇ ಬಿಂದುಶ್ರೀ ಬಾಗಿಲ ಬಳಿ ನಿಂತೇ ಬ್ಲಾಗು ತೆರೆದಳು. ಹಳೆಯ ಬರಹವನ್ನು ತೆಗೆದಳು. ಅದೇ ಜಾಗದಲ್ಲಿ ಓಲ್ಡ್ ಟೌನು, ಲಕ್ವ, ಲೋಟ ಯಾವುದೂ ಇಲ್ಲದೆ, ಅಜ್ಜಿಯ ಆ ಪ್ಯಾರಾ ಒಂದನ್ನೇ ತನ್ನ ಪೂರ್ತಿ ಹೆಸರಿನೊಂದಿಗೆ ಹಾಕಿದಳು. 'ನೀವೂ ನಾನೂ' ಇದ್ದ ಕೊನೆಯ ಸಾಲನ್ನೂ ಬಿಟ್ಟಳು. ಅದು ಒಬ್ಬನಿಗೆ ಮಾತ್ರ ಬರೆದದ್ದು.

ಆಮೇಲೆ ಅಡುಗೆಮನೆಗೆ ಹೋಗಿ ಫೋನನ್ನು ಅಮ್ಮನ ಕೈಗಿಟ್ಟಳು.

ಹೂವಮ್ಮ ಓದಿದರು. ಸತ್ತವರು ಅವರ ಹೆತ್ತ ತಾಯಿ. ಮಗಳ ತಟ್ಟೆಯನ್ನು ತೊಳೆದು ಬೋರಲು ಹಾಕಿದರು, ಅಷ್ಟೇ.

ಶನಿವಾರ ಮಧ್ಯಾಹ್ನ ದುಶ್ಯಂತ್ ಕಾರ್ಡು ಒಯ್ಯಲು ಬಂದ.

"ಒಳಗಿಡೋ ಹಾಳೆ ಮಾಡಿದೀನಿ," ಎಂದು ಅವಳು ಕಟ್ಟೊಂದನ್ನು ತಳ್ಳಿದಳು. "ಇನ್ನೂರು ಇದೆ. ನನ್ನ ಪ್ಯಾರಾ ಮಾತ್ರ. ದೊಡ್ಡ ಅಕ್ಷರದಲ್ಲಿ."

ಅವನು ಮೇಲಿನದನ್ನು ಓದಿದ. ಕಟ್ಟನ್ನು ವಾಪಸ್ಸು ಅವಳ ಕಡೆಗೆ ಸರಿಸಿದ. "ನಂಗೆ ಇದು ಬಾಯಿಪಾಠ ಇದೆ. ನೆಂಟ್ರಿಗೆ ಯಾಕೆ?"

"ನನ್ನ ಕ್ಷಮಿಸಿ ಅಂತ ಕೇಳಲ್ಲ."

"ಕೇಳ್ಬೇಡಿ. ಇನ್ನೂ ಆಗಿಲ್ಲ." ಅವನು ಕಾರ್ಡಿನ ಕಟ್ಟನ್ನು ಕೈಗೆತ್ತಿಕೊಂಡ. "ಆದ್ರೆ ಆ ಕಮೆಂಟು ಓದಿದ ದಿನಾನೇ ನಿಮ್ಮನ್ನ ನೋಡ್ಬೇಕು ಅನ್ಸಿತ್ತು. ನೋಡ್ಲೇಬೇಕು ಅಂತ. ಅದೂ ಹೋಗಿಲ್ಲ. ಏನ್ ಮಾಡ್ಲಿ?"

ಅವಳ ಕಣ್ಣು ತುಂಬಿ ಬಂತು. "ನಂಗೆ ಪ್ರತಿ ಮಂಗಳವಾರ ಅನ್ಸೋದು."

ಒಳಗೆ ಭೀಮೇಶ್ ಕೆಮ್ಮಿದ. "ಊಟದ ಟೈಮು, ಹೊರಡ್ರಪ್ಪ! ಮಷಿನ್ ಬಿಸಿಯಾಗಿದೆ."

"ಊಟ ಆಯ್ತಾ?" ಎಂದ ದುಶ್ಯಂತ್.

"ಅಮ್ಮ ಎರಡು ದಿನದಿಂದ ಬಡಿಸ್ತಿಲ್ಲ. ನಿಮ್ಮನೇಲಿ?"

"ಮಾಡಿಡ್ತಾರೆ. ಬಡಿಸಲ್ಲ."

ಇಬ್ಬರಿಗೂ ನಗು ಬಂತು. ಬರಬಾರದಿತ್ತು, ಬಂತು.

ಪಕ್ಕದ ಹೋಟೆಲಿನಲ್ಲಿ ಎದುರು ಬದುರು ಕೂತರು. ಸಪ್ಲೈಯರ್ ನೀರಿನ ಸ್ಟೀಲ್ ಲೋಟಗಳನ್ನು ಟೇಬಲ್ಲಿಗೆ ಕುಕ್ಕಿ ಹೋದ. ಠಣ್... ಠಣ್!

ದುಶ್ಯಂತ್ ಬೆಚ್ಚಿದ. ಅವನ ಮುಖದ ಬಣ್ಣ ಇಳಿದುಹೋಯಿತು.

ಬಹಳ ಹೊತ್ತಿನ ಮೇಲೆ ಅವನು ತನ್ನ ಲೋಟವನ್ನೆತ್ತಿ, ಟೇಬಲ್ಲಿನ ಅಂಚಿಗೆ ಮೆಲ್ಲಗೆ, ಒಂದೇ ಒಂದು ಸಲ ತಟ್ಟಿದ.

"ಓ..." ಎಂದಳು ಬಿಂದುಶ್ರೀ.

ಅವನು ಅವಳನ್ನೇ ನೋಡಿದ. "ಸುಮ್ನೆ ಕರೆದೆ."

"ಕರೀರಿ," ಎಂದಳು ಅವಳು. "ಇಲ್ಲೇ ಇದೀನಿ."