ನೀಲಿ ದೀಪದ ಮೂತಿ

"ಮತ್ತೆ ಪೆನ್ಸಿಲ್ ಕಚ್ಚಿದ್ಯಾ?"

ಹಲ್ಲಿನ ಡಾಕ್ಟರ್ ಅತ್ತೆಯ ಕುರ್ಚಿಯಲ್ಲಿ ಗುಹೆಯಷ್ಟಗಲ ಬಾಯಿ ತೆರೆದು ಮಲಗಿದ್ದ ಚೂಟಿ ಉತ್ತರ ಕೊಡುವುದಾದರೂ ಹೇಗೆ? ಅವಳ ಹಲ್ಲಿಗೆ ಅಂಟಿಸಿದ್ದ ಪುಟ್ಟ ಲೋಹದ ಬ್ರ್ಯಾಕೆಟ್ ಮೂರನೇ ಸಲ ಕಿತ್ತುಬಂದು ಕ್ಲಿಪ್ಪಿನ ತಂತಿಗೆ ಜೋತುಬಿದ್ದಿತ್ತು.

ಅತ್ತೆ ಅವಳ ಬಾಯಿಂದ ಪುಟ್ಟ ಕನ್ನಡಿ ತೆಗೆದರು.

"ನಿಜವಾಗ್ಲೂ ಇಲ್ಲ ಅತ್ತೆ!"

ಚೂಟಿಯ ಮಾತು ನಂಬುವುದು ಕಷ್ಟವೇ. ಅವಳು ಬಾಯಿ ಬಿಟ್ಟರೆ ಇರುವೆ ಆನೆಯಾಗುತ್ತಿತ್ತು. "ನಮ್ಮತ್ತೆ ನೀಲಿ ದೀಪ ಹಿಡಿದ್ರೆ ಹತ್ತೇ ಸೆಕೆಂಡಲ್ಲಿ ಅಂಟು ಬಂಡೆಯಾಗತ್ತೆ. ಲಾರಿ ಕಟ್ಟಿ ಎಳೆದ್ರೂ ಬರಲ್ಲ!" ಎಂದು ಇಡೀ ಕ್ಲಾಸಿಗೆ ಸಾರಿದ್ದಳು. ಮರುದಿನವೇ ಬ್ರ್ಯಾಕೆಟ್ ಕಿತ್ತುಬಂದಾಗ ಹಿಂದಿನ ಬೆಂಚಿನವರು ನಕ್ಕ ನಗುವಿಗೆ ಶಾಲೆಯ ಗೋಡೆ ಬಿರುಕುಬಿಡದೆ ಉಳಿದದ್ದೇ ಹೆಚ್ಚು.

ಪೆನ್ಸಿಲ್ ಕಚ್ಚುತ್ತಿದ್ದದ್ದೂ ಸುಳ್ಳಲ್ಲ. ಒಂದು ಕಾಡನ್ನೇ ತಿಂದು ತೇಗಿದ್ದಳು. ಆದರೆ ಕ್ಲಿಪ್ ಹಾಕಿದ ಮೇಲೆ ಒಂದನ್ನೂ ಬಾಯಿಗಿಟ್ಟಿರಲಿಲ್ಲ. ಅಪರೂಪಕ್ಕೆ ನಿಜ ಹೇಳಿದರೆ ನಂಬುವವರೇ ಇಲ್ಲವಲ್ಲ!

ಅಷ್ಟರಲ್ಲಿ ನರ್ಸಕ್ಕ ಇಣುಕಿದರು. "ಡಾಕ್ಟ್ರೇ, ಬ್ರ್ಯಾಕೆಟ್ ಬಿತ್ತು ಅಂತ ಒಬ್ಬ ಹುಡುಗ ಬಂದಿದಾನೆ. ಚೂಟೀನ ಬಿಟ್ಟು ಈ ವಾರ ಇವನು ನಾಲ್ಕನೆಯವನು."

"ಅವ್ರೆಲ್ಲ ನನ್ನ ಪೆನ್ಸಿಲ್ಲೇ ತಿಂದ್ರಾ?" ಎಂದಳು ಚೂಟಿ.

ನರ್ಸಕ್ಕ ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ.

"ದಿನಾ ಬೆಳಿಗ್ಗೆ ದೀಪ ಟೆಸ್ಟ್ ಮಾಡ್ತೀನಲ್ಲೇ..." ಎನ್ನುತ್ತ ಗಾಜಿನ ತುಂಡಿನ ಮೇಲೆ ಕಾಳಿನಷ್ಟು ಅಂಟು ಇಟ್ಟರು. ಬೆಳಕು ಕಣ್ಣಿಗೆ ಚುಚ್ಚದಂತೆ ಅತ್ತೆ, ಚೂಟಿ ಇಬ್ಬರೂ ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡರು. ನೀಲಿ ಬೆಳಕು ಹತ್ತು ಸೆಕೆಂಡ್ ಹೊಳೆದು ಆರಿತು. ಅತ್ತೆ ಸೂಜಿಯಿಂದ ಕೆರೆದರು. ಕರಕರ!

"ನೋಡು, ಕಲ್ಲಾಗಿದೆ."

"ಮೇಲೆ ಕಲ್ಲಾದ್ರೆ ಏನು ಬಂತು ಅತ್ತೆ? ಹಲ್ಲು ಇರೋದು ಅಡೀಲಿ ಅಲ್ವಾ?"

ಅತ್ತೆಯ ಕೈ ಗಕ್ಕನೆ ನಿಂತಿತು. ಮೆಲ್ಲಗೆ ಆ ಕಾಳನ್ನು ಮಗುಚಿದರು. ಅಡಿಯ ಅಂಟು ಮೆತ್ತಗೆ ಸೂಜಿಗೆ ಅಂಟಿಕೊಂಡು ಬಂತು. ಆರಿದ ದೀಪದ ಮೂತಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರೆ, ಯಾವತ್ತಿನದೋ ಅಂಟು ಅಲ್ಲಿ ಒಣಗಿ ಹೆಪ್ಪುಗಟ್ಟಿ ಕೂತಿತ್ತು.

"ಬೆಳಕಿಗೆ ಇದೇ ಅಡ್ಡ ಕಣೇ. ಅಡಿತನಕ ತಲುಪ್ತಾನೇ ಇಲ್ಲ."

ಮೂತಿ ಒರೆಸಿ, ಹೊಸ ಅಂಟು ಇಟ್ಟು, ಮತ್ತೆ ಬೆಳಕು ಹಿಡಿದರು. ಮೇಲೂ ಕರಕರ, ಅಡಿಯಲ್ಲೂ ಕರಕರ!

ಚೂಟಿಯ ಬ್ರ್ಯಾಕೆಟ್ ಅಂಟಿಸಿ ಮುಗಿಸಿದ ಅತ್ತೆ ಅವಳ ಕೆನ್ನೆ ಹಿಡಿದರು. "ನಿನ್ನ ಮಾತು ನಂಬಬೇಕಿತ್ತು, ಪುಟ್ಟಾ." ಹೊರಗೆ ಕೂತಿದ್ದ ಹುಡುಗನಿಗೂ ದೀಪದ ಸಂಗತಿ ಹೇಳಿದರು. ಆಮೇಲೆ ಈ ವಾರ ಬಂದುಹೋದ ಉಳಿದ ಮೂವರಿಗಾಗಿ ಎಲ್ಲರೆದುರೇ ಫೋನ್ ಎತ್ತಿದರು.

"ತಪ್ಪು ನಿಮ್ಮ ಮಗೂದಲ್ಲ ಕಣ್ರೀ, ನಂದು. ನಾಳೆ ಕರ್ಕೊಂಡು ಬನ್ನಿ."

ಒಂದು ಮನೆ. ಇನ್ನೊಂದು. ಮತ್ತೊಂದು.

ಮರುದಿನ ಶಾಲೆಯ ದಾರಿಯುದ್ದಕ್ಕೂ ಚೂಟಿ ಒಂದು ಭರ್ಜರಿ ಕತೆ ಹೆಣೆದಳು. ಅದರಲ್ಲಿ ಅವಳು ದೀಪ ಬಿಚ್ಚಿ ರಿಪೇರಿ ಮಾಡಿ, ಸಾವಿರ ಹಲ್ಲು ಉಳಿಸಿದ್ದಳು.

"ಏನಾಯ್ತೇ ನಿನ್ನ ಬಂಡೆ?" ಹಿಂದಿನ ಬೆಂಚು ಕೇಳಿತು.

ಚೂಟಿ ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು.

"ದೀಪದ ಮೂತೀಲಿ ಕೊಳೆ ಇತ್ತು. ನಮ್ಮತ್ತೆ ಮೂರು ಮನೆಗೆ ಫೋನ್ ಮಾಡಿ, ತಪ್ಪು ನಂದೇ ಅಂದ್ರು."

"ಮೂರೇನಾ? ಮುನ್ನೂರಲ್ವಾ?"

"ಮೂರೇ" ಎಂದಳು ಚೂಟಿ, ಎದೆ ಉಬ್ಬಿಸಿ.