ಕೆಂಚಿ ಇಳಿದುಹೋದ ಮೇಲೆ

ಚಿತ್ರದುರ್ಗದ ಮಕ್ಕಳ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಒಂದು ಗಾಜಿನ ಕೋಣೆ. ಅದರೊಳಗೆ ಎಂಟು ವರ್ಷದ ಹುಡುಗಿಯೊಬ್ಬಳು ಕುರ್ಚಿಯ ತುದಿಯಲ್ಲಿ ಕುಳಿತು ಯಂತ್ರಕ್ಕೆ ಹೇಳುತ್ತಿದ್ದಳು: "ಏಳನೇ ಪುಸ್ತಕದಲ್ಲಿ ಪೀರನ ಅಜ್ಜಿ ಒಂದು ಪೆಟ್ಟಿಗೆಗೆ ಬೀಗ ಹಾಕಿಡ್ತಾಳೆ. ಅದರೊಳಗೆ ಏನಿತ್ತು ಅಂತ ಇಂದುಧರ ಸರ್ ಬರೆಯಲೇ ಇಲ್ಲ. ನನಗೆ ಆ ಕಥೆ ಬೇಕು."

ಯಂತ್ರ ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಅದರ ಬದಿಯಿಂದ ಒಂಬತ್ತು ಪುಟಗಳು ಒಂದೊಂದಾಗಿ ಹೊರಬಂದವು. ಹುಡುಗಿ ಅವನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಓದತೊಡಗಿದಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗಾಜಿನ ಹೊರಗೆ ನಿಂತಿದ್ದ ಸರ್ವಮಂಗಳಾ ಅವರಿಗೆ ಆ ನಗು ಹಿಡಿಸಲಿಲ್ಲ.

ಯಂತ್ರದ ಹೆಸರು ಕಥಾಪೂರಕ. ಲೇಖಕ ಹೇಳದೆ ಬಿಟ್ಟುಹೋದದ್ದನ್ನು ಓದುಗರು ಕೇಳಿದಾಗ ತುಂಬಿಕೊಡುವುದು ಅದರ ಕೆಲಸ. ಇಂದುಧರ ಅವರ 'ಗಾಳಿಗುಡ್ಡದ ಮಕ್ಕಳು' ಮಾಲೆಯ ಹನ್ನೊಂದು ಪುಸ್ತಕಗಳನ್ನೂ, ಅವರ ಪತ್ರಗಳನ್ನೂ, ಹೊಡೆದುಹಾಕಿ ತಿದ್ದಿದ ಕರಡುಗಳನ್ನೂ ಅದಕ್ಕೆ ಓದಿಸಲಾಗಿತ್ತು. ಅವರ ವಾಕ್ಯ ಎಲ್ಲಿ ತಿರುಗುತ್ತದೆ, ಅವರ ಪಾತ್ರಗಳು ಸಿಟ್ಟು ಬಂದಾಗ ಏನು ಮಾಡುತ್ತವೆ, ಅವರು ಯಾವ ಪದವನ್ನು ಎಂದೂ ಬಳಸುವುದಿಲ್ಲ ಎಂಬುದೆಲ್ಲ ಅದಕ್ಕೆ ತಿಳಿದಿತ್ತು. ಹೊಸ ಕಥೆ ಸಿದ್ಧವಾದೊಡನೆ ಯಂತ್ರ ಅದನ್ನು ಹಳೆಯ ಪುಸ್ತಕಗಳ ಜೊತೆ ಹೋಲಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತಿತ್ತು. ಅದನ್ನು ಸಾಮೀಪ್ಯಾಂಕ ಎನ್ನುತ್ತಿದ್ದರು. ತೊಂಬತ್ತು ದಾಟದ ಕಥೆ ಓದುಗರ ಕೈಗೆ ಹೋಗುತ್ತಿರಲಿಲ್ಲ.

ಅದರ ಮೇಲೆ ಇನ್ನೊಂದು ಕಟ್ಟಳೆಯೂ ಇತ್ತು. ಇಂದುಧರ ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬಿಬ್ಬರು ಕೇಳಿದ ಕಥೆ ನೇರವಾಗಿ ಕೇಳಿದವರ ಕೈಗೇ ಹೋಗಲಿ ಎಂದು ಅವರ ಮಗ ಹೇಳಿದ್ದ. ಬಹಳ ಮಕ್ಕಳು ಕೇಳಿ, ಎಲ್ಲರಿಗೂ ಬಿಡುಗಡೆಯಾಗುವ ಕಥೆಯನ್ನು ಮಾತ್ರ ಅಪ್ಪನನ್ನು ಬಲ್ಲವರು ಓದಿ ಒಪ್ಪಬೇಕು ಎಂಬುದು ಅವನ ಷರತ್ತು. ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಅಫ್ರೀನ್ ಆ ಕೆಲಸಕ್ಕೆ ಸರ್ವಮಂಗಳಾ ಅವರನ್ನು ಕೇಳಿಕೊಂಡಳು. ಅವರು ಹೈಸ್ಕೂಲಿನಲ್ಲಿ ಅಫ್ರೀನ್‌ಗೆ ಗಣಿತ ಕಲಿಸಿದವರು. ಅದೇ ಶಾಲೆಯಲ್ಲಿ ಇಂದುಧರ ಕನ್ನಡ ಮೇಷ್ಟರಾಗಿದ್ದರು. ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕುಳಿತಿದ್ದರು.

"ಅವರ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ, ಟೀಚರ್" ಎಂದಿದ್ದಳು ಅಫ್ರೀನ್.

ಸರ್ವಮಂಗಳಾ ಒಪ್ಪಿಕೊಂಡರು. ಯಾಕೆ ಒಪ್ಪಿಕೊಂಡೆ ಎಂದು ಯಾರಿಗೂ ಹೇಳಲಿಲ್ಲ. ಇಂದುಧರನಂತೆ ಬರೆಯುವುದು ಒಂದು ಯಂತ್ರಕ್ಕೂ ಸಾಧ್ಯ ಎಂದು ಊರಿಗೆಲ್ಲ ಗೊತ್ತಾಗಲಿ ಎಂಬ ಆಸೆ ಅವರಿಗಿತ್ತು.

ಆ ಆಸೆಗೆ ಹಳೆಯ ಬೇರಿತ್ತು. ಒಂದು ಕಾಲದಲ್ಲಿ ಇಬ್ಬರೂ ಊಟದ ಬಿಡುವಿನಲ್ಲಿ ಒಬ್ಬರ ಬರಹವನ್ನು ಇನ್ನೊಬ್ಬರು ಓದುತ್ತಿದ್ದರು. ಇಬ್ಬರ ಮೊದಲ ಪುಸ್ತಕವೂ ಒಂದೇ ವರ್ಷ ಬಂತು. ಸರ್ವಮಂಗಳಾ ಅವರದು ಅಂಕಿಗಳೇ ಜನರಾಗಿರುವ ಊರೊಂದರ ಕಥೆ. ದಾವಣಗೆರೆಯ ಮಕ್ಕಳ ಮೇಳದಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದರು. ಇಂದುಧರನ ಮುಂದೆ ಮಕ್ಕಳ ಸಾಲು ಬಾಗಿಲು ದಾಟಿ ಹೋಗಿತ್ತು. ಆ ಸಾಲಿನ ಹುಡುಗಿಯೊಬ್ಬಳು ಸರ್ವಮಂಗಳಾ ಅವರ ಹತ್ತಿರ ಬಂದು, "ಆಂಟಿ, ಇದನ್ನ ಸ್ವಲ್ಪ ಹಿಡ್ಕೊಳ್ತೀರಾ? ಸರ್ ಹತ್ರ ಸಹಿ ಹಾಕಿಸ್ಕೊಂಡು ಬರ್ತೀನಿ" ಎಂದು ತನ್ನ ನೀರಿನ ಬಾಟಲಿ ಕೊಟ್ಟಳು. ಅವರು ಹಿಡಿದುಕೊಂಡರು. ಮೂರು ವರ್ಷದ ಮೇಲೆ ಬಂದ ಅವರ ಎರಡನೇ ಪುಸ್ತಕವನ್ನು ಯಾರೂ ಕೇಳಲಿಲ್ಲ. ಇಂದುಧರನ ಮೂರನೆಯದು ಶಾಲೆ ಶಾಲೆಗೂ ಹೋಯಿತು. ಅಂದಿನಿಂದ ಅವರು ಇಂದುಧರನ ಜೊತೆ ಮಾತು ಬಿಟ್ಟರು. ಕಾರಣ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂರುತ್ತಿದ್ದ ಮೂರನೇ ಬೆಂಚಿನಿಂದ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕುಳಿತರು, ಅಷ್ಟೆ.

ಆದರೆ ಈಗ ಪರಿಶೀಲಕಿಯಾಗಿ ಅವರು ಒಂದರ ಹಿಂದೊಂದು ಕಥೆಯನ್ನು ತಿರಸ್ಕರಿಸಿದರು. ಅವರು ಎಣಿಸಿದ್ದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತಿತ್ತು. ಯಂತ್ರದ ಕಥೆಗಳನ್ನು ಓದಿದ ಮಕ್ಕಳು ಯಂತ್ರವನ್ನು ಹೊಗಳುತ್ತಿರಲಿಲ್ಲ. ಹಳೆಯ ಹನ್ನೊಂದು ಪುಸ್ತಕಗಳನ್ನು ಮತ್ತೆ ಎರವಲು ಪಡೆದು ಮನೆಗೆ ಒಯ್ಯುತ್ತಿದ್ದರು. ಸತ್ತವನು ಇನ್ನಷ್ಟು ದೊಡ್ಡವನಾಗುತ್ತಿದ್ದ.

"ಟೀಚರ್, ಇದಕ್ಕೆ ತೊಂಬತ್ತಮೂರು ಬಂದಿದೆ. ಯಾಕೆ ಬೇಡ ಅಂದ್ರಿ?" ಎಂದು ಅಫ್ರೀನ್ ಒಮ್ಮೆ ಕೇಳಿದಳು.

"ಇಂದುಧರ್ ಮಳೆಗೆ ಯಾವತ್ತೂ 'ಧಾರಾಕಾರ' ಅಂತ ಬರೀತಿರಲಿಲ್ಲ. 'ಹಿಡಿದ ಮಳೆ' ಅಂತಿದ್ರು. ಆರನೇ ಪುಸ್ತಕ ನೋಡು."

ಅಫ್ರೀನ್ ನೋಡಿದಳು. ಅದು ನಿಜವಾಗಿತ್ತು.

ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದುದು ಒಂದೇ ಕಥೆ. ಮಾಲೆಯ ಮೊದಲ ನಾಲ್ಕು ಪುಸ್ತಕಗಳಲ್ಲಿ ಮಲ್ಲಿ, ಪೀರ, ಕೆಂಚಿ ಎಂಬ ಮೂವರು ಮಕ್ಕಳು. ಗುಡ್ಡದ ಮೇಲಿನ ಮುರಿದ ಗಾಳಿಯಂತ್ರದ ರೆಕ್ಕೆಯಿಂದ ಹಾರುವ ಗಾಡಿಯೊಂದನ್ನು ಮಾಡಿಕೊಂಡು ಊರೂರು ಸುತ್ತುತ್ತಾರೆ. ಗಾಳಿಯ ವೇಗ, ಊರುಗಳ ದೂರ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವವಳು ಕೆಂಚಿ. ನಾಲ್ಕನೇ ಪುಸ್ತಕದ ಕೊನೆಯಲ್ಲಿ ಅವಳು ಮಲ್ಲಿಯ ಜೊತೆ ಜಗಳವಾಡಿ, ಬತ್ತಿದ ಕೆರೆಯಂಗಳದಲ್ಲಿ ಗಾಡಿಯಿಂದ ಇಳಿದುಬಿಡುತ್ತಾಳೆ. ಮುಂದಿನ ಏಳು ಪುಸ್ತಕಗಳಲ್ಲಿ ಅವಳ ಸುದ್ದಿಯೇ ಇಲ್ಲ. ಕೆಂಚಿ ಏನಾದಳು?

ಈ ಪ್ರಶ್ನೆಯ ಮುಂದೆ ಕಥಾಪೂರಕ ಸೋಲುತ್ತಿತ್ತು. ಒಂದು ಕಥೆಯಲ್ಲಿ ಕೆಂಚಿ ಅಳುತ್ತಾ ಬಂದು ಮಲ್ಲಿಯ ಕ್ಷಮೆ ಕೇಳಿದಳು. ಇನ್ನೊಂದರಲ್ಲಿ ಅವಳಿಗೆ ಹಾವು ಕಚ್ಚಿತು. ಮತ್ತೊಂದರಲ್ಲಿ ರಾಜಧಾನಿಗೆ ಹೋಗಿ ದೊಡ್ಡ ಅಧಿಕಾರಿಯಾದಳು. ಸಾಮೀಪ್ಯಾಂಕ ಅರವತ್ತರ ಆಸುಪಾಸಿನಲ್ಲೇ ನಿಂತಿತ್ತು. ತೊಂಬತ್ತು ದಾಟದಿದ್ದರೂ ಟೀಚರ್ ತಪ್ಪು ಗುರುತಿಸಿದರೆ ಯಂತ್ರಕ್ಕೆ ಕಲಿಸಬಹುದೆಂದು ಅಫ್ರೀನ್ ಅವನ್ನೂ ಅವರ ಮೇಜಿಗೆ ಕಳಿಸುತ್ತಿದ್ದಳು.

ಸರ್ವಮಂಗಳಾ ಅವನ್ನು ಓದಿ ಕಂಗೆಟ್ಟರು. ಕೆಂಚಿ ಯಾರೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಸಣಕಲು ಮೈ, ಚೂಪು ನಾಲಿಗೆ, ಬೆರಳ ಗೆಣ್ಣಿನ ಮೇಲೆ ಲೆಕ್ಕ, ಎಲ್ಲವೂ ಅವರದೇ. ನಾಲ್ಕನೇ ಪುಸ್ತಕದ ಕೊನೆಯ ಅಧ್ಯಾಯವನ್ನು ಇಂದುಧರ ಬರೆದದ್ದು ಅವರು ಬೆಂಚು ಬದಲಿಸಿದ ತಿಂಗಳಲ್ಲೇ. ಯಂತ್ರ ಕೆಂಚಿಯಿಂದ ಕಣ್ಣೀರು ಹಾಕಿಸಿದಾಗ ತಮ್ಮನ್ನೇ ಯಾರೋ ಸಭೆಯಲ್ಲಿ ನಿಲ್ಲಿಸಿ ಕಣ್ಣೀರು ಹಾಕಿಸಿದಂತಾಯಿತು.

ಪರಿಶೀಲಕರ ಮೇಜಿನಲ್ಲಿ ಪದಗಳನ್ನು ತಿದ್ದಲು ಅವಕಾಶವಿತ್ತು. ಒಂದು ಬೆಳಿಗ್ಗೆ ಅವರು ಯಂತ್ರದ ಕಥೆಯನ್ನು ಪೂರ್ತಿ ಅಳಿಸಿ, ಆ ಖಾಲಿ ಜಾಗದಲ್ಲಿ ತಾವೇ ಬರೆಯತೊಡಗಿದರು. ನಾಲ್ಕು ಬೆಳಿಗ್ಗೆ ಬೇಕಾಯಿತು. ಅವರ ಕೆಂಚಿ ಕೆರೆಯಂಗಳದಿಂದ ಹೆಜ್ಜೆ ಎಣಿಸುತ್ತಾ ಮೂರು ದಿನ ನಡೆದು ಮನೆ ಸೇರುತ್ತಾಳೆ. ಎರಡನೇ ದಿನ ತಲೆಯ ಮೇಲೆ ಗಾಡಿ ಹಾರಿಹೋಗುತ್ತದೆ, ಮಲ್ಲಿ ಕೂಗುವುದು ಕೇಳುತ್ತದೆ. ಕೆಂಚಿ ಜಾಲಿಯ ಮರೆಗೆ ಸರಿದು ನಿಲ್ಲುತ್ತಾಳೆ. ಕೊನೆಗೊಂದು ದಿನ ಮಲ್ಲಿ ಅವಳ ಮನೆ ಹುಡುಕಿ ಬಂದು ಬಾಗಿಲು ತಟ್ಟುತ್ತಾಳೆ. ಕೆಂಚಿ ಒಳಗೆ ನಿಂತು ನೂರರವರೆಗೆ ಎಣಿಸುತ್ತಾಳೆ. ಆಮೇಲೆ ಬಾಗಿಲು ತೆಗೆದು, "ರೊಟ್ಟಿ ಆರಿಹೋಗ್ತಾ ಇದೆ, ಬಾ" ಎನ್ನುತ್ತಾಳೆ.

ಒಪ್ಪಿಗೆಯ ಗುಂಡಿ ಒತ್ತಿದಾಗ ತೆರೆಯ ಮೇಲೆ ಅಂಕ ಮೂಡಿತು: ತೊಂಬತ್ತೇಳು. ಇಂದುಧರ ತಾವೇ ಬರೆದ ಹನ್ನೊಂದನೇ ಪುಸ್ತಕಕ್ಕೂ ಯಂತ್ರ ಕೊಟ್ಟಿದ್ದು ತೊಂಬತ್ತೊಂದು.

ಒಂದು ವಾರದಲ್ಲಿ ಕೆಂಚಿಯ ಅಧ್ಯಾಯ ನಾಡಿನ ಎಲ್ಲ ಗ್ರಂಥಾಲಯಗಳಿಗೂ ಹೋಯಿತು. ಮಕ್ಕಳು ಮಾತ್ರವಲ್ಲ, ಆ ಪುಸ್ತಕಗಳನ್ನು ಓದಿ ಬೆಳೆದ ದೊಡ್ಡವರೂ ಓದಿದರು. ಚಾಲಕನಿಲ್ಲದ ಬಸ್ಸಿನಲ್ಲಿ ಸರ್ವಮಂಗಳಾ ಅವರ ಮುಂದಿನ ಸೀಟಿನಲ್ಲಿ ಕುಳಿತ ಇಬ್ಬರು ಹೆಂಗಸರು ಅದನ್ನೇ ಮಾತಾಡುತ್ತಿದ್ದರು.

"ಬಾಗಿಲು ತೆಗೆಯೋ ಜಾಗಕ್ಕೆ ಬಂದಾಗ ನನಗೆ ಅಳು ತಡಿಯೋಕೆ ಆಗಲಿಲ್ಲ ಕಣೇ."

"ಇಂದುಧರ ಸರ್ ಅಲ್ವಾ. ಸತ್ತ ಮೇಲೂ ಅವರ ಹಾಗೆ ಬರೆಯೋರು ಇನ್ನೊಬ್ಬರಿಲ್ಲ."

ಸರ್ವಮಂಗಳಾ ಎರಡು ನಿಲ್ದಾಣ ಮೊದಲೇ ಇಳಿದುಬಿಟ್ಟರು. ತಾವೇ ಬರೆದದ್ದರ ಹೊಗಳಿಕೆ ಇಂದುಧರನಿಗೆ ಹೋದದ್ದಕ್ಕೆ ಅವನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿಂದ ನಡೆದು ನೇರವಾಗಿ ಅಫ್ರೀನಳ ಪ್ರಯೋಗಾಲಯಕ್ಕೆ ಹೋದರು.

"ಕೆಂಚಿಯ ಅಧ್ಯಾಯ ಯಂತ್ರದ್ದಲ್ಲ, ನನ್ನದು. ಅದಕ್ಕೆ ನನ್ನ ಹೆಸರು ಹಾಕಬೇಕು" ಎಂದರು ಬಾಗಿಲಲ್ಲೇ ನಿಂತು.

ಅಫ್ರೀನ್ ಕುರ್ಚಿ ಎಳೆದುಕೊಟ್ಟಳು. "ಗೊತ್ತು, ಟೀಚರ್. ತಿದ್ದಿದ ಪ್ರತಿ ಅಕ್ಷರವೂ ಯಂತ್ರದಲ್ಲಿ ದಾಖಲಾಗತ್ತೆ. ಬಿಡುಗಡೆ ಆದ ಮಾರನೇ ದಿನವೇ ನೋಡಿದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀವಾಗಿ ಹೇಳ್ತೀರಿ ಅಂತ ಕಾದೆ. ಅದು ತಪ್ಪು. ಆವತ್ತೇ ನಾನು ಎಲ್ಲರಿಗೂ ಹೇಳಬೇಕಿತ್ತು. ಹೇಳಿದ್ರೆ ಆ ಅಧ್ಯಾಯ ವಾಪಸ್ ತಗೋಬೇಕಾಗತ್ತೆ ಅಂತ ಹೆದರಿದೆ."

ಸರ್ವಮಂಗಳಾ ಕುಳಿತರು. "ತೊಂಬತ್ತೇಳು ಹೇಗೆ ಬಂತು? ನಾನು ಅವರ ಥರ ಬರೀಬೇಕು ಅಂತ ಬರೆದಿಲ್ಲ."

"ಯಂತ್ರಕ್ಕೆ ಇಂದುಧರ ಸರ್ ಗೊತ್ತಿಲ್ಲ ಟೀಚರ್, ಅವರ ಪುಟಗಳು ಮಾತ್ರ ಗೊತ್ತು. ಆ ಪುಟಗಳನ್ನ ಯಾರು ಎಷ್ಟು ಆಳವಾಗಿ ಓದಿದಾರೆ ಅನ್ನೋದೇ ಆ ಅಂಕ. ಈ ರಾಜ್ಯದಲ್ಲಿ ಅವರನ್ನ ನಿಮ್ಮಷ್ಟು ಓದಿದವರು ಇನ್ನೊಬ್ಬರಿಲ್ಲ."

"ನಾನು ಓದಿದ್ದು ತಪ್ಪು ಹುಡುಕೋಕೆ."

"ಎಷ್ಟು ಸಲ?"

ಸರ್ವಮಂಗಳಾ ಕೈಚೀಲದ ಹಿಡಿಯನ್ನು ತಿರುವುತ್ತಾ ಕುಳಿತರು. "ಪ್ರತಿ ಬೇಸಿಗೆ ರಜದಲ್ಲೂ. ಹನ್ನೊಂದನ್ನೂ."



ಮರುದಿನ ಸತ್ಯ ಪ್ರಕಟವಾಯಿತು. ಕೆಂಚಿ ಯಾರೆಂಬುದನ್ನೂ ಸರ್ವಮಂಗಳಾ ಮುಚ್ಚಿಡಲಿಲ್ಲ. ಅದುವರೆಗೆ ಆ ಅಧ್ಯಾಯಕ್ಕೆ ಕಣ್ಣೀರಿಟ್ಟವರಲ್ಲಿ ಅರ್ಧದಷ್ಟು ಜನ ತಿರುಗಿಬಿದ್ದರು. ಓದುವಾಗಲೇ ಏನೋ ಕೃತಕ ಅನ್ನಿಸಿತ್ತು ಎಂದು ಕೆಲವರು ಬರೆದರು. ಇಂದುಧರರ ಕೆಂಚಿ ಇಷ್ಟು ಕಲ್ಲುಮನಸ್ಸಿನವಳಲ್ಲ ಎಂದು ಇನ್ನು ಕೆಲವರು. ಸಾಮೀಪ್ಯಾಂಕ ತೊಂಬತ್ತೇಳೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಇಂದುಧರರ ಮಗ ಫೋನ್ ಮಾಡಿ, "ನೀವು ಮಾಡಿದ್ದು ಸರಿಯಲ್ಲ ಮೇಡಂ. ಆದರೆ ಆ ಅಧ್ಯಾಯ ಇರಲಿ" ಎಂದಷ್ಟೇ ಹೇಳಿ ಇಟ್ಟ. ಸರ್ವಮಂಗಳಾ ಪರಿಶೀಲಕಿಯ ಕೆಲಸ ಬಿಡುತ್ತೇನೆಂದು ಪತ್ರ ಬರೆದರು. ಅಫ್ರೀನ್ ಅದಕ್ಕೆ ಉತ್ತರ ಕೊಡುವ ಬದಲು ಗ್ರಂಥಾಲಯದಲ್ಲಿ ಒಂದು ಶನಿವಾರ ಮಕ್ಕಳ ಮುಂದೆ ಕೂರಲು ಕರೆದಳು. "ಬೈಯೋರಿದ್ರೆ ಎದುರಿಗೇ ಬೈಲಿ ಟೀಚರ್" ಎಂದಳು.

ಅರವತ್ತು ಮಕ್ಕಳು ಬಂದಿದ್ದರು. ಯಾರೂ ಬೈಯಲಿಲ್ಲ. ಕೆಂಚಿ ಒಟ್ಟು ಎಷ್ಟು ಹೆಜ್ಜೆ ನಡೆದಳು, ರೊಟ್ಟಿಗೆ ಏನು ಪಲ್ಯ ಎಂದೆಲ್ಲ ಕೇಳಿದರು. ಆಮೇಲೆ ಸ್ಫೂರ್ತಿ ಎಂಬ ಹನ್ನೊಂದು ವರ್ಷದ ಹುಡುಗಿ ಎದ್ದು ನಿಂತಳು.

"ಕೆಂಚಿ ಅಂದ್ರೆ ನೀವೇ ಅಂತೆ. ಹೌದಾ?"

"ಹೌದು."

"ಹಾಗಾದ್ರೆ ಇಂದುಧರ ಸರ್ ನಿಮ್ಮನೆಗೆ ಬಂದಿದ್ರಾ?"

ಆ ಪ್ರಶ್ನೆಯನ್ನು ಅಲ್ಲಿಯತನಕ ಯಾರೂ ಅವರಿಗೆ ಕೇಳಿರಲಿಲ್ಲ. ಸರ್ವಮಂಗಳಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಎರಡು ಸಲ ಬಂದಿದ್ರು. ಒಂದು ಸಲ ನಾನು ಸ್ಕೂಲಿಗೆ ರಜ ಹಾಕಿದ್ದಾಗ. ಇನ್ನೊಂದು ಸಲ, ಅವರು ರಿಟೈರ್ ಆದ ವರ್ಷ. ಎರಡು ಸಲವೂ ನಾನು ಒಳಗೇ ಇದ್ದೆ. ಬಾಗಿಲು ತೆಗೀಲಿಲ್ಲ."



"ಆದ್ರೆ ಕೆಂಚಿ ತೆಗೆದಳಲ್ಲ" ಎಂದಳು ಸ್ಫೂರ್ತಿ.

"ಅದಕ್ಕೇ ಅವಳ ಕೈಲಿ ತೆಗೆಸಿದ್ದು, ಮಗು."

"ಅವರು ಏನು ಹೇಳೋಕೆ ಬಂದಿದ್ರು?"

"ಗೊತ್ತಿಲ್ಲ."

ಆ ಉತ್ತರ ಯಾವ ಮಗುವಿಗೂ ಸಾಕಾಗಲಿಲ್ಲ. ಮುಂದಿನ ವಾರ ಗಾಜಿನ ಕೋಣೆಗೆ ಹೋದವರು ಪೀರನ ಅಜ್ಜಿಯನ್ನೂ ಮಲ್ಲಿಯನ್ನೂ ಬಿಟ್ಟು ಯಂತ್ರಕ್ಕೆ ಒಂದೇ ಮಾತು ಕೇಳಿದರು: ಇಂದುಧರ ಸರ್ ಟೀಚರ್ ಮನೆ ಬಾಗಿಲಲ್ಲಿ ನಿಂತು ಏನು ಹೇಳಬೇಕು ಅಂದುಕೊಂಡಿದ್ದರು? ಬೇರೆ ಊರುಗಳಿಂದಲೂ ಅದೇ ಕೋರಿಕೆ ಬಂತು. ಯಾವ ಪುಸ್ತಕದಲ್ಲೂ ಇಲ್ಲದ ವಿಷಯ. ಕಥಾಪೂರಕ ಏನೂ ಬರೆಯಲಿಲ್ಲ. ಯಂತ್ರ ಬರೆಯದಿದ್ದಾಗ ಮಕ್ಕಳು ತಾವೇ ಬರೆದು ಕಳಿಸತೊಡಗಿದರು. ಅಫ್ರೀನ್ ಇಂಥದ್ದೊಂದನ್ನು ಊಹಿಸಿರಲಿಲ್ಲ. ಹದಿನೈದು ದಿನದಲ್ಲಿ ನಾನೂರಕ್ಕೂ ಹೆಚ್ಚು ಚೀಟಿಗಳು ಸೇರಿದವು. ಅವನ್ನೆಲ್ಲ ಒಂದು ಅಕ್ಕಿಚೀಲದಲ್ಲಿ ತುಂಬಿಸಿ ಅವಳೇ ಸರ್ವಮಂಗಳಾ ಅವರ ಮನೆಗೆ ತಂದಳು.

"ನಾನು ಆ ಕೆಲಸ ಬಿಟ್ಟಿದೀನಿ" ಎಂದರು ಸರ್ವಮಂಗಳಾ.

"ಇದನ್ನ ಒಪ್ಪಿ ಅಂತ ಕೇಳ್ತಿಲ್ಲ ಟೀಚರ್. ಓದಿ ಅಂತ ಅಷ್ಟೆ."

ಅವಳು ಹೋದ ಮೇಲೆ ಸರ್ವಮಂಗಳಾ ಹಜಾರದಲ್ಲಿ ಚಾಪೆ ಹಾಸಿ ಚೀಟಿಗಳನ್ನು ಸುರಿದುಕೊಂಡರು. ಕೈ ತಾನಾಗಿಯೇ ಕೆಂಪು ಪೆನ್ನು ಹುಡುಕಿತು. ಕ್ಷಮೆ ಕೇಳಲು ಬಂದಿದ್ದರು ಎಂದು ಒಬ್ಬ ಬರೆದಿದ್ದ. ಐದನೇ ಪುಸ್ತಕದ ಲೆಕ್ಕದಲ್ಲಿ ತಪ್ಪಾಗಿತ್ತು, ತೋರಿಸಲು ಬಂದಿದ್ದರು ಎಂದು ಒಬ್ಬಳು. ನಿಮ್ಮ ಎರಡನೇ ಪುಸ್ತಕ ಬಹಳ ಚೆನ್ನಾಗಿದೆ ಎಂದು ಹೇಳಲು, ಎಂದು ಹಿರಿಯೂರಿನ ಇಬ್ಬರು ಅಕ್ಕತಂಗಿಯರು. ಆ ಚೀಟಿಯನ್ನು ಅವರು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಚೀಟಿಗಳು ಮುಗಿಯುತ್ತಾ ಬಂದಾಗ ದಪ್ಪ ಅಕ್ಷರದ ಒಂದು ಸಿಕ್ಕಿತು. ಬರೆದವಳು ಒಂದನೇ ತರಗತಿಯವಳು. 'ಸರ್‌ಗೆ ಸೈಕಲ್ ಪಂಪು ಬೇಕಿತ್ತು' ಎಂದಷ್ಟೇ ಇತ್ತು.

ಸರ್ವಮಂಗಳಾ ಅದನ್ನು ಎರಡು ಸಲ ಓದಿದರು. ಇಂದುಧರ ಶಾಲೆಗೆ ಬರುತ್ತಿದ್ದ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗಾಳಿ ನಿಂತದ್ದನ್ನು ಅವರು ಒಂದು ದಿನವೂ ಕಂಡಿರಲಿಲ್ಲ. ಪಂಪು ಕೇಳುವ ನೆಪದಲ್ಲಿ ಒಳಗೆ ಬಂದು ಕುಳಿತು, ಬೇರೆಲ್ಲ ಮಾತಾಡಿ, ಪಂಪು ಮರೆತು ಎದ್ದುಹೋಗುವ ಮನುಷ್ಯ ಅವನು. ನಾನೂರು ಚೀಟಿಗಳಲ್ಲಿ ಅವನಿಗೆ ತೀರ ಹತ್ತಿರ ಬಂದದ್ದು ಇದೇ. ಅವರಿಗೆ ಮೊದಲು ನಗು ಬಂತು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಅವನು ಸತ್ತುಹೋಗಿದ್ದಾನೆ ಎಂಬುದು ಮನಸ್ಸಿಗೆ ತಟ್ಟಿ ಅವರು ಚಾಪೆಯ ಮೇಲೆ ಹಾಗೆಯೇ ಕುಳಿತುಬಿಟ್ಟರು.